ಹೊಸ ಆಜ್ಞೆ, ಹಳೆಯ ಯಂತ್ರ

ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿಯೂ ಅದರ ಅಡ್ಡಬೀದಿಗಳಲ್ಲಿಯೂ ದರ್ಜಿಗಳ ಅಂಗಡಿಗಳಿರುವುದನ್ನು ವಾಚಕರು ಬಲ್ಲರು. ಅಂಥ ಅಂಗಡಿಯೊಂದರ ಕಟಿಂಗ್ ಮಾಸ್ಟರನು ತನ್ನ ಕೆಲಸಗಾರರೆಲ್ಲರಿಗೂ ಒಂದೇ ಚೀಟಿಯನ್ನು ಬರೆದುಕೊಡಬೇಕಾಗಿದೆಯೆಂದು ಭಾವಿಸೋಣ. ಹಳಬನಿಗೂ ತಿಳಿಯುವ ಮಾತುಗಳಲ್ಲಿ ಬರೆದರೆ ಎಲ್ಲರೂ ಹೊಲಿಯುವರು. ಆದರೆ ಹೊಸಬನ ಕೈಚಳಕವು ವ್ಯರ್ಥವಾಗುವುದು. ಹೊಸ ಮಾತುಗಳಲ್ಲಿ ಬರೆದರೆ ಕೆಲಸವು ಬೇಗನೆ ಮುಗಿಯುವುದು. ಆದರೆ ಹಳಬನು ಅದನ್ನು ಓದಲಾರದೆ ಕೈಕಟ್ಟಿ ಕುಳಿತುಬಿಡುವನು. ಅಂಗಡಿಯ ಬಿಲ್ಲಿಗೂ ಮನೆಯ ಮಕ್ಕಳ ಪಾಠಕ್ಕೂ ಒದಗುವ ಕಂಪ್ಯೂಟರಿನ ವಿಷಯದಲ್ಲಿ ಈಗ ಎದ್ದಿರುವ ಪ್ರಶ್ನೆಯೂ ಇಂಥದೇ.

ಪ್ರೊಸೆಸರಿಗೆ ತಿಳಿಯುವ ಆಜ್ಞೆಗಳು ಪರಿಮಿತವಾದವು. ಆದುದರಿಂದ ಆಪರೇಟಿಂಗ್ ಸಿಸ್ಟಮನ್ನು ಸಿದ್ಧಪಡಿಸುವವರು, ಕನಿಷ್ಠಪಕ್ಷ ಎಂಥ ಪ್ರೊಸೆಸರು ಇರತಕ್ಕದ್ದೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವರು. ಇಂಟೆಲ್ ಮತ್ತು ಎ.ಎಂ.ಡಿ. ಮಾದರಿಯ ೬೪ ಬಿಟ್ ಪ್ರೊಸೆಸರುಗಳಿಗೆ ೨೦೨೦ರಲ್ಲಿ ನಾಲ್ಕು ಮಟ್ಟಗಳನ್ನು ನಿಗದಿಮಾಡಲಾಯಿತು. ಮೂರನೆಯ ಮಟ್ಟಕ್ಕೆ ಸೇರಿದ ಎವಿಎಕ್ಸ್೨ ಎಂಬ ಆಜ್ಞೆಗಳು ೩೨ ಬಿಟ್ಟಿನ ಎಂಟು ಸಂಖ್ಯೆಗಳನ್ನು ಒಂದೇ ಸಲಕ್ಕೆ ಕೂಡಿಸಬಲ್ಲವು. ಇಂಟೆಲ್ ಸಂಸ್ಥೆಯು ೨೦೧೩ರಲ್ಲಿ ಹ್ಯಾಸ್ವೆಲ್ ಪ್ರೊಸೆಸರಿನೊಡನೆ ಇವನ್ನು ತಂದಿತು. ಚಿತ್ರ, ಧ್ವನಿ, ದೊಡ್ಡ ಲೆಕ್ಕ, ಇವುಗಳಿಗೆ ಇದರಿಂದ ವೇಗವುಂಟು. ಕಾಗದ ಬರೆಯುವವನಿಗೆ ವ್ಯತ್ಯಾಸವು ಅಷ್ಟಾಗಿ ಕಾಣದು.

ಹಾಗಾದರೆ ೨೦೧೩ರ ಮೇಲೆ ಕೊಂಡವರೆಲ್ಲ ನಿಶ್ಚಿಂತರೆ? ಅಲ್ಲ. ಆ ಬಳಿಕ ಹಲವು ವರ್ಷಗಳವರೆಗೂ ಮಾರಾಟವಾದ ಅಗ್ಗದ ಪೆಂಟಿಯಮ್, ಸೆಲೆರಾನ್ ಪ್ರೊಸೆಸರುಗಳಲ್ಲಿ ಅನೇಕವು ಈ ಆಜ್ಞೆಗಳನ್ನು ಅರಿಯವು. ಕನಿಷ್ಠಮಟ್ಟವನ್ನು ಏರಿಸಿದಾಗ ಪೆಟ್ಟು ಬೀಳುವುದು ಹಳೆಯ ಯಂತ್ರಕ್ಕೆ ಮಾತ್ರವಲ್ಲ, ಕಡಿಮೆ ಹಣ ತೆತ್ತವನ ಹೊಸ ಯಂತ್ರಕ್ಕೂ.

ಲಿನಕ್ಸ್ ವರ್ಗದವರು ಇದಕ್ಕೆ ಬೇರೆಬೇರೆ ದಾರಿಗಳನ್ನು ಹಿಡಿದಿರುವರು. ೨೦೨೫ರ ಮೇ ತಿಂಗಳಲ್ಲಿ ಹೊರಟ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ ೧೦ನೆಯ ಆವೃತ್ತಿಯು ಮೂರನೆಯ ಮಟ್ಟವನ್ನೇ ಕನಿಷ್ಠವೆಂದು ವಿಧಿಸಿತು. ಅದೇ ತಿಂಗಳಲ್ಲಿ ಬಂದ ಆಲ್ಮಾಲಿನಕ್ಸ್ ೧೦, ಮೂರನೆಯ ಮಟ್ಟವನ್ನು ಮುಖ್ಯವಾಗಿರಿಸಿಕೊಂಡೂ, ಎರಡನೆಯ ಮಟ್ಟದವರಿಗಾಗಿ ಬೇರೊಂದು ಪ್ರತಿಯನ್ನು ಒದಗಿಸಿತು. ಅಕ್ಟೋಬರಿನಲ್ಲಿ ಬಂದ ಉಬುಂಟು ೨೫.೧೦, ಹಳೆಯ ಮಟ್ಟವನ್ನೇ ಮುಖ್ಯವಾಗಿ ಉಳಿಸಿ, ಮೂರನೆಯದನ್ನು ಬಯಸಿದವರಿಗೆ ಮಾತ್ರ ಕೊಟ್ಟಿತು. ಇದಲ್ಲದೆ, ೨೦೨೧ರ ಗ್ನೂ ಸಿ ಲೈಬ್ರರಿಯ ೨.೩೩ನೆಯ ಆವೃತ್ತಿಯಿಂದೀಚೆಗೆ, ಒಂದೇ ಲೈಬ್ರರಿಯ ಹಲವು ಪ್ರತಿಗಳನ್ನು ಇಟ್ಟು, ಯಂತ್ರಕ್ಕೆ ತಕ್ಕುದನ್ನು ಆ ಕ್ಷಣದಲ್ಲಿಯೇ ಆರಿಸುವ ಏರ್ಪಾಡೂ ಉಂಟು.

ಎರಡು ಪ್ರತಿಗಳನ್ನು ಸಿದ್ಧಪಡಿಸಿ ಪರೀಕ್ಷಿಸುವುದು ಶ್ರಮದ ಕೆಲಸವೇ ಸರಿ. ಆದರೂ ಒಬ್ಬರ ವೇಗಕ್ಕಾಗಿ ಇನ್ನೊಬ್ಬರ ಸುಸ್ಥಿತಿಯ ಯಂತ್ರವು ಮೂಲೆಗೆ ಬೀಳುವುದಕ್ಕಿಂತ ಈ ಶ್ರಮವೇ ಲೇಸೆಂದು ನಮಗೆ ತೋರುವುದು.

ಗೃಹಸ್ಥರು ಇಷ್ಟನ್ನು ಮಾಡತಕ್ಕದ್ದು: ಲಿನಕ್ಸಿನಲ್ಲಿ ಎಲ್‌ಎಸ್‌ಸಿಪಿಯು ಎಂಬ ಆಜ್ಞೆಯನ್ನು ಕೊಟ್ಟರೆ ಪ್ರೊಸೆಸರಿನ ಗುಣಗಳ ಪಟ್ಟಿ ಕಾಣುವುದು. ಅದರಲ್ಲಿ ಎವಿಎಕ್ಸ್೨ ಇಲ್ಲದಿದ್ದರೆ ಮೂರನೆಯ ಮಟ್ಟದ ಪ್ರತಿಯನ್ನು ಹಾಕಿಕೊಳ್ಳಬಾರದು. ಕೆಳಮಟ್ಟದ ಪ್ರತಿಯನ್ನೇ ಆರಿಸಿಕೊಳ್ಳಬೇಕು. ಹೊಸ ಕಂಪ್ಯೂಟರಿಗೆ ಹಣ ತೆರುವುದಕ್ಕೆ ಮುಂಚೆ ಈ ಪರೀಕ್ಷೆಯಾಗಲಿ.