ಸ್ವಂತ ಕುದುರೆ ಕೊಳ್ಳುವ ಮುನ್ನ...



ಈ ಸಲದ ವಿಷಯ ನೋಡಿ ನಿಮಗೆ ನಗು ಬಂದಿರಬಹುದು. ಹೈದರಾಬಾದಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲ, ಇನ್ನು ಕುದುರೆ ಎಲ್ಲಿ ಕಟ್ಟುವುದು ಎನ್ನುತ್ತೀರಿ. ಆದರೆ ಈ ಊರಿಗೂ ಕುದುರೆಗೂ ಹಳೆಯ ನಂಟು. 1868ರಲ್ಲಿ ಮೌಲಾಲಿಯಲ್ಲಿ ಶುರುವಾದ ರೇಸು 1886ರಲ್ಲಿ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ಮಲಕ್‌ಪೇಟೆಗೆ ಬಂತು. ನಮ್ಮ ಕನ್ನಡಿಗರು ಹೆಚ್ಚಾಗಿ ಸೇರುವ ಕಾಚಿಗುಡದಿಂದ ಮಲಕ್‌ಪೇಟೆ ದೂರವೇನಲ್ಲ. ಹಳೇ ಊರಿನಲ್ಲಿ ಮದುವೆ ಮೆರವಣಿಗೆಗೆ ಇಂದಿಗೂ ಕುದುರೆ ಬೇಕು. ಊರ ಹೊರಗೆ ಸವಾರಿ ಕಲಿಸುವ ಶಾಲೆಗಳಿವೆ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಅಪ್ಪ ಅಮ್ಮಂದಿರಲ್ಲಿ ನಮ್ಮವರೂ ಇದ್ದಾರೆ. ನಾಲ್ಕಾರು ತಿಂಗಳು ಕಳೆದ ಮೇಲೆ ಮಗು ಕೇಳುವ ಪ್ರಶ್ನೆ ಒಂದೇ: "ಅಪ್ಪಾ, ನಾವೂ ಒಂದು ಕುದುರೆ ತಗೊಳ್ಳೋಣ್ವಾ?"

ಕೊಳ್ಳಬೇಡಿ ಎಂದು ಹೇಳಲು ಈ ಬರಹವಲ್ಲ. ಕುದುರೆಯ ಬೆಲೆ ಅದರ ಖರ್ಚಿನಲ್ಲಿ ಎಲ್ಲಕ್ಕಿಂತ ಸಣ್ಣದು ಎಂಬುದನ್ನು ನೆನಪಿಸಲು. ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ಇಪ್ಪತ್ತು ವರ್ಷದ ಕೆಲಸ.

ಹಳೆಯ ಪಾಠ

ಈ ಪಾಠ ದಕ್ಷಿಣ ಭಾರತಕ್ಕೆ ಹೊಸದಲ್ಲ. ಸುಮಾರು 1292ರಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಅಲ್ಲಿನ ಅರಸರು ವರ್ಷಕ್ಕೆ ಸಾವಿರಾರು ಕುದುರೆಗಳನ್ನು ಹಡಗಿನಲ್ಲಿ ತರಿಸುತ್ತಿದ್ದುದನ್ನು ಬರೆದಿದ್ದಾನೆ. ವರ್ಷ ಮುಗಿಯುವಷ್ಟರಲ್ಲಿ ನೂರೂ ಉಳಿಯುತ್ತಿರಲಿಲ್ಲವಂತೆ. ಕಾರಣವನ್ನೂ ಆತ ಕೊಟ್ಟಿದ್ದಾನೆ. ಆರೈಕೆ ಬಲ್ಲವರಿರಲಿಲ್ಲ, ಅನ್ನದ ಜೊತೆ ಮಾಂಸ ಬೇಯಿಸಿ ಮೇವಿಗೆ ಹಾಕುತ್ತಿದ್ದರು. ಮುಂದೆ ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದ. ಹಣಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ತಿಳಿವಳಿಕೆಗೆ. ಕನ್ನಡದಲ್ಲಿ ಸುಮಾರು 1400ರ ಹೊತ್ತಿಗೇ ಅಭಿನವಚಂದ್ರ ಕುದುರೆಯ ವೈದ್ಯವನ್ನು ಕುರಿತು ಗ್ರಂಥ ಬರೆದನೆಂದರೆ ಆ ತಿಳಿವಳಿಕೆಯ ಅಗತ್ಯ ಎಷ್ಟಿತ್ತು ಎಂದು ಊಹಿಸಿ.

ಅಷ್ಟು ಹಿಂದೆ ಹೋಗುವುದೂ ಬೇಡ. 2025ರ ಬೇಸಿಗೆಯಲ್ಲಿ ನಮ್ಮ ಹೈದರಾಬಾದಿನಿಂದಲೇ 57 ಕುದುರೆಗಳನ್ನು ಮಧ್ಯಪ್ರದೇಶದ ಜಬಲ್ಪುರಕ್ಕೆ ಸಾಗಿಸಲಾಯಿತು. ಅಲ್ಲಿ ಕೆಲವೇ ದಿನಗಳಲ್ಲಿ ಒಂದರ ಹಿಂದೆ ಒಂದರಂತೆ ಹಲವು ಸತ್ತವು. ಸುದ್ದಿಯನ್ನು ನೀವೂ ಓದಿರಬಹುದು. ತಪ್ಪು ಯಾರದೆಂಬುದನ್ನು ಇಲ್ಲಿ ತೀರ್ಮಾನಿಸುವುದು ಬೇಡ. ಮಾಲೀಕರಿಗೆ ಬೇಡವಾದ ಕುದುರೆಗೆ ಹೋಗಲು ಜಾಗವಿಲ್ಲ ಎಂಬುದನ್ನು ಮಾತ್ರ ಮರೆಯದಿರೋಣ.

ಮೊದಲು ಒಂದು ಲೆಕ್ಕ

ಪೆನ್ನು ಕಾಗದ ತೆಗೆದುಕೊಳ್ಳಿ. ಸಾಧಾರಣ ಸವಾರಿ ಕುದುರೆಯ ತೂಕ 450 ಕಿಲೋ ಎಂದಿಟ್ಟುಕೊಳ್ಳೋಣ. ಅದಕ್ಕೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡು ಪಾಲಿನಷ್ಟಾದರೂ ಒಣ ಲೆಕ್ಕದ ಮೇವು ಬೇಕು. ಅಂದರೆ 9 ಕಿಲೋ. ತಿಂಗಳಿಗೆ 270 ಕಿಲೋ, ವರ್ಷಕ್ಕೆ ಮೂರು ಟನ್ನಿಗೂ ಹೆಚ್ಚು. ಇದರಲ್ಲಿ ಬಹುಪಾಲು ಒಣಹುಲ್ಲು, ಹಸಿರು ಹುಲ್ಲು, ಕುದುರೆ ಮೆಂತೆ. ಉಳಿದದ್ದು ಜವೆ, ಗೋಧಿ ಬೂಸಾ, ಬೇಯಿಸಿದ ಹುರುಳಿ. ನೀರು ದಿನಕ್ಕೆ 25ರಿಂದ 40 ಲೀಟರ್, ಮೇ ತಿಂಗಳ ಬಿಸಿಲಿಗೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಕಾಯುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲದ್ದಿಯೂ ದಿನಕ್ಕೆ ಒಂದು ದೊಡ್ಡ ಬುಟ್ಟಿ. ಅದನ್ನು ಎಲ್ಲಿ ಹಾಕುವಿರಿ ಎಂಬುದನ್ನೂ ಬರೆದುಕೊಳ್ಳಿ.

ಇನ್ನು ಗೊರಸು. ಅದು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸಬೇಕು. ಈ ಕೆಲಸ ಬಲ್ಲ ನಾಲ್‌ಬಂದ್ ನಿಮ್ಮ ಕಡೆಗೆ ಬರುತ್ತಾರೆಯೇ? ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚನ್ನು ಅರದಿಂದ ಉಜ್ಜಿಸಬೇಕು, ಇಲ್ಲವಾದರೆ ಮೇವು ಅಗಿಯಲಾರದು. ಜಂತುಹುಳುವಿನ ಔಷಧ, ಧನುರ್ವಾಯು ಲಸಿಕೆ ಬೇರೆ. ಎಲ್ಲಕ್ಕೂ ಮೇಲೆ ಬೆಳಿಗ್ಗೆ ಸಂಜೆ ನೋಡಿಕೊಳ್ಳುವ ಒಬ್ಬ ಆಳು ಬೇಕು. ಲಾಯದಲ್ಲಿ ಅವರನ್ನು ಸೈಸ್ ಎನ್ನುತ್ತಾರೆ. ಒಳ್ಳೆಯ ಸೈಸ್ ಸಿಕ್ಕರೆ ಅರ್ಧ ಕುದುರೆ ಸಿಕ್ಕಂತೆ. ಅವರು ರಜೆ ಹಾಕಿದ ದಿನ ಯಾರು ಎಂಬ ಪ್ರಶ್ನೆಗೂ ಉತ್ತರ ಇರಲಿ. ದಸರೆಯೆಂದು ನೀವು ಊರಿಗೆ ಹೊರಟರೂ ಕುದುರೆಯ ಹೊಟ್ಟೆಗೆ ರಜೆ ಇಲ್ಲ.

ಎತ್ತಿನ ಮೇವು ಕುದುರೆಗೆ ಆಗದು

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದ ನಮ್ಮಲ್ಲಿ ಅನೇಕರ ಮನೆಯಲ್ಲಿ ಎತ್ತು, ಎಮ್ಮೆ ಇದ್ದವು. ಹಾಗಾಗಿ ದನ ಸಾಕಿದವರಿಗೆ ಕುದುರೆ ಯಾವ ಲೆಕ್ಕ ಎನ್ನಿಸುವುದು ಸಹಜ. ಎಡವುವುದು ಇಲ್ಲೇ. ದನ ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಕುದುರೆಗೆ ಒಂದೇ, ಅದೂ ಸಣ್ಣದು. ಆದ್ದರಿಂದ ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಿರಬೇಕು. ಎರಡು ಹೊತ್ತು ರಾಶಿ ಹಾಕಿ ಸುಮ್ಮನಾದರೆ ನಡೆಯದು.

ಮುಖ್ಯವಾದ ಮಾತು, ಕುದುರೆಗೆ ವಾಂತಿ ಮಾಡಲು ಬಾರದು. ಬೂಸ್ಟು ಹಿಡಿದ ಹುಲ್ಲನ್ನೋ ಅತಿಯಾಗಿ ಕಾಳನ್ನೋ ತಿಂದರೆ ಅದು ಹೊರಬರುವ ದಾರಿಯಿಲ್ಲ. ಆಗ ಬರುವ ಹೊಟ್ಟೆನೋವಿಗೆ ಕಾಲಿಕ್ ಎನ್ನುತ್ತಾರೆ. ಕುದುರೆ ಕಾಲಿನಿಂದ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಬಿದ್ದು ಹೊರಳುತ್ತದೆ, ಬೆವರುತ್ತದೆ. ಬೆಳಗಾಗಲಿ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ರಾತ್ರಿ ಎರಡು ಗಂಟೆಗೆ ಬರಬಲ್ಲ, ಕುದುರೆಯ ಅನುಭವವಿರುವ ಪಶುವೈದ್ಯರ ನಂಬರು ನಿಮ್ಮ ಬಳಿ ಇಲ್ಲದಿದ್ದರೆ ಕುದುರೆ ಕೊಳ್ಳುವ ಮಾತನ್ನು ಸದ್ಯಕ್ಕೆ ಮುಂದೂಡಿ. ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ. ಬೀದರ್ ಕಡೆಯವರಿಗೆ ಅಲ್ಲಿನ ಪಶುವೈದ್ಯ ವಿಶ್ವವಿದ್ಯಾಲಯ ಗೊತ್ತೇ ಇದೆ. ಮೊದಲು ಅಂಥಲ್ಲಿ ಹೋಗಿ ವಿಚಾರಿಸಿ ಬನ್ನಿ.

ಅಂಗಡಿಯಲ್ಲಿ ಸಿಗುವ ದನದ ಹಿಂಡಿಚೀಲ, ಕೋಳಿ ಆಹಾರ ಕುದುರೆಗೆ ಹಾಕಲೇಬೇಡಿ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ದನಕ್ಕೂ ಕೋಳಿಗೂ ತಕ್ಕ ಪ್ರಮಾಣದಲ್ಲಿ ಒಗ್ಗುವ ಅದು ಕುದುರೆಯ ಹೃದಯಕ್ಕೆ ವಿಷ.

ಜಾಗ ಎಷ್ಟು ಬೇಕು?

ಲಾಯದಲ್ಲಿ ಒಂದು ಕುದುರೆಗೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆ ಇರಬೇಕು. ಗಾಳಿ ಆಡಬೇಕು, ನೆಲ ಜಾರಬಾರದು. ಅದರ ಜೊತೆಗೆ ದಿನವೂ ಬಿಟ್ಟು ಓಡಾಡಿಸಲು ಬಯಲು ಬೇಕು. ಕುದುರೆ ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿಹಾಕಿದರೆ ಮಂಕಾಗುತ್ತದೆ. ಬಾಗಿಲ ಮರ ಕಚ್ಚುವುದು, ನಿಂತಲ್ಲೇ ತೂಗುವುದು ಮುಂತಾದ ಚಟಕ್ಕೆ ಬೀಳುತ್ತದೆ. ಹಾಗಾಗಿ ಅಪಾರ್ಟ್‌ಮೆಂಟಿನವರಿಗೆ ಮಾತ್ರವಲ್ಲ, ಹೊರವಲಯದಲ್ಲಿ ಒಂದು ಸೈಟು ಇರುವವರಿಗೂ ಸವಾರಿ ಶಾಲೆಯ ಲಾಯದಲ್ಲಿ ತಿಂಗಳ ಬಾಡಿಗೆಗೆ ಇಡುವುದೇ ಒಳ್ಳೆಯದು. ಬಾಡಿಗೆಯಲ್ಲಿ ಮೇವು, ಸೈಸ್, ಲಾಳ, ವೈದ್ಯರು ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಮನೆಯಿಂದ ಅಲ್ಲಿಗೆ ಹೋಗಲು ಎಷ್ಟು ಹೊತ್ತು ಎಂಬುದೂ ಮುಖ್ಯ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಸವಾರಿ ಮುಗಿಯಬೇಕು. ಕುಕಟ್‌ಪಲ್ಲಿಯಿಂದ ಹೊರಟು ಊರಿನ ಇನ್ನೊಂದು ತುದಿ ಸೇರಬೇಕೆಂದರೆ ನೀವು ಎಷ್ಟು ಗಂಟೆಗೆ ಏಳಬೇಕು, ಲೆಕ್ಕ ಹಾಕಿ.

ಯಾವ ಕುದುರೆ?

ಹೈದರಾಬಾದಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್. ನೋಡಲು ಚೆಂದ, ಬೆಲೆಯೂ ಅಗ್ಗ. ಆದರೆ ಅದಕ್ಕೆ ಕಲಿಸಿರುವುದು ಒಂದೇ ವಿದ್ಯೆ, ಓಡುವುದು. ಲಗಾಮು ಬಿಗಿ ಹಿಡಿದರೆ ನಿಲ್ಲುವ ಬದಲು ಇನ್ನೂ ಜೋರಾಗಿ ಓಡುವ ಕುದುರೆಗಳಿವೆ. ಅದಕ್ಕೆ ಹೊಸದಾಗಿ ಸವಾರಿಯ ಶಿಸ್ತು ಕಲಿಸಲು ತಿಂಗಳುಗಳು ಬೇಕು, ಬಲ್ಲವರೇ ಬೇಕು. ಹೊಸ ಸವಾರ, ಹೊಸ ಕುದುರೆ ಇಬ್ಬರೂ ಸೇರಿ ಕಲಿಯುತ್ತೇವೆ ಎಂದರೆ ಆಸ್ಪತ್ರೆ ದಾರಿಯೇ. ರೇಸಿನ ಕುದುರೆಯಾದರೆ ಪುಣೆಯ ಸ್ಟಡ್ ಬುಕ್ ಅಥಾರಿಟಿಯ ದಾಖಲೆ ಇರುತ್ತದೆ. ಅದರಲ್ಲಿರುವ ಗುರುತು ಮುಂದೆ ನಿಂತ ಕುದುರೆಗೆ ತಾಳೆಯಾಗುತ್ತದೆಯೇ ನೋಡಿ.

ಮಾರ್ವಾಡಿ, ಕಾಠಿಯಾವಾಡಿ ತಳಿಗಳನ್ನು ಒಳಕ್ಕೆ ಬಾಗಿದ ಕಿವಿಯಿಂದಲೇ ಗುರುತಿಸಬಹುದು. ನಮ್ಮ ದಖ್ಖನ್ನಿನದೇ ಆದ ಭೀಮ್‌ಥಡಿ ಕುದುರೆ ಸಣ್ಣದು, ಗಟ್ಟಿಮುಟ್ಟು. ಮುಂದೆ ನಮ್ಮ ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಹರಿಯುವ ಭೀಮೆಯ ಹೆಸರೇ ಅದಕ್ಕಿದೆ. ಮಹಾರಾಷ್ಟ್ರದ ಧನಗರರು ಕುರಿಗಳ ಜೊತೆ ಊರೂರು ತಿರುಗುವಾಗ ಸಾಮಾನು ಹೊರಿಸುವುದು ಇದರ ಮೇಲೆಯೇ. 2024ರಲ್ಲಿ ಇದಕ್ಕೆ ಪ್ರತ್ಯೇಕ ತಳಿಯೆಂಬ ಅಧಿಕೃತ ಮನ್ನಣೆ ಸಿಕ್ಕಿತು. ಬೀದರಿನ ಆಚೆ ನಾಂದೇಡ್ ಜಿಲ್ಲೆಯ ಮಾಳೇಗಾವಿನಲ್ಲಿ ಚಳಿಗಾಲದಲ್ಲಿ ನಡೆಯುವ ಖಂಡೋಬಾ ಜಾತ್ರೆಗೆ ಹೋದರೆ ಬಗೆಬಗೆಯ ಕುದುರೆ ಒಂದೇ ಕಡೆ ಕಾಣಬಹುದು. ಮೊದಲ ಸಲ ನೋಡಲು ಹೋಗಿ, ಕೊಳ್ಳಲು ಬೇಡ. ಜಾತ್ರೆಯ ಗದ್ದಲದಲ್ಲಿ ಎಲ್ಲ ಕುದುರೆಯೂ ಚುರುಕಾಗಿಯೇ ಕಾಣುತ್ತದೆ.

ಮೊದಲ ಕುದುರೆಗೆ ಎಂಟರಿಂದ ಹದಿನಾಲ್ಕು ವರ್ಷದ, ಶಾಂತ ಸ್ವಭಾವದ, ಬೀಜ ತೆಗೆಸಿದ ಗಂಡು ಒಳ್ಳೆಯದು. ಬೀಜದ ಕುದುರೆ ಹೊಸಬರಿಗಲ್ಲ. ಹೆಣ್ಣಾದರೆ ಗಬ್ಬವಾಗಿದೆಯೇ ಎಂದು ಪರೀಕ್ಷೆ ಮಾಡಿಸಿ. ಹನ್ನೊಂದು ತಿಂಗಳು ಹೊರುವ ಪ್ರಾಣಿ ಅದು. ಒಂದು ಕೊಂಡವರ ಮನೆಗೆ ಎರಡು ಬಂದೀತು.

ಸುಳಿ ನೋಡುವಿರೋ, ಕಾಲು ನೋಡುವಿರೋ?

ನಮ್ಮ ಹಿರಿಯರು ಹಣೆಯ ಸುಳಿ, ಎದೆಯ ಸುಳಿ ನೋಡಿ ಕುದುರೆ ಕೊಳ್ಳುತ್ತಿದ್ದರು. ನಂಬಿಕೆಯಿದ್ದವರು ನೋಡಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಕಾಲು ನೋಡುವುದನ್ನು ಮರೆಯಬೇಡಿ. ಗಟ್ಟಿ ನೆಲದ ಮೇಲೆ ನೇರವಾಗಿ ದುಡುಕಿ ಓಡಿಸಿ, ಹಿಂದಿನಿಂದಲೂ ಮುಂದಿನಿಂದಲೂ ನೋಡಿ. ಕುಂಟುವ ಕುದುರೆ ನೋವಿನ ಕಾಲು ಊರಿದಾಗ ತಲೆ ಮೇಲೆತ್ತುತ್ತದೆ. ಬಿಸಿಯಾದ ಗೊರಸು, ಊದಿದ ಕೀಲು ಕೈಗೆ ತಿಳಿಯುತ್ತವೆ. ಮುನ್ಸೂಚನೆ ಕೊಡದೆ ಎರಡನೆಯ ಸಲ ಹೋಗಿ. ಮೊದಲ ದಿನ ನೋವಿನ ಮಾತ್ರೆಯ ಬಲದ ಮೇಲೆ ನಡೆದ ಕುದುರೆ ಎರಡನೆಯ ದಿನ ನಿಜ ಹೇಳುತ್ತದೆ.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ದುಡ್ಡು ಕೊಟ್ಟ ಕುದುರೆಯ ಹಲ್ಲನ್ನು ಎಣಿಸಲೇಬೇಕು. ಐದು ವರ್ಷಕ್ಕೆ ಮುಂದಿನ ಹಾಲುಹಲ್ಲು ಎಲ್ಲ ಬಿದ್ದು ಹೊಸದು ಬಂದಿರುತ್ತವೆ. ಮೇಲಿನ ಸಾಲಿನ ಮೂಲೆಹಲ್ಲಿನಲ್ಲಿ ಹತ್ತರ ಸುಮಾರಿಗೆ ಕಾಣಿಸಿಕೊಳ್ಳುವ ಕಂದು ಗೀರು ಹದಿನೈದಕ್ಕೆ ಅರ್ಧದವರೆಗೆ, ಇಪ್ಪತ್ತಕ್ಕೆ ಪೂರ್ತಿ ಇಳಿಯುತ್ತದೆ. ಅಂದಾಜಿಗೆ ಇಷ್ಟು ಸಾಕು.

ಹಣ ಕೊಡುವ ಮುಂಚೆ ಮಾರುವವರ ವೈದ್ಯರಿಂದಲ್ಲ, ನಿಮ್ಮ ವೈದ್ಯರಿಂದ ಪರೀಕ್ಷೆ ಮಾಡಿಸಿ. ರಕ್ತಪರೀಕ್ಷೆಯಲ್ಲಿ ಗ್ಲ್ಯಾಂಡರ್ಸ್ ಇಲ್ಲವೆಂದು ಖಾತ್ರಿಯಾಗಲಿ. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. ಲಸಿಕೆ ಇಲ್ಲ. ದೃಢಪಟ್ಟರೆ ಸರ್ಕಾರಕ್ಕೆ ತಿಳಿಸಬೇಕು, ಕುದುರೆಯನ್ನು ಕೊಲ್ಲಲೇಬೇಕು. ಮಳೆಗಾಲದಲ್ಲಿ ಕಚ್ಚುವ ನೊಣದಿಂದ ಬರುವ ಸರ್ರಾ ರೋಗದ ಪರೀಕ್ಷೆಯೂ ಆಗಲಿ.

ಮಗಳಿಗೆ ಇಪ್ಪತ್ತೊಂಬತ್ತಾಗುವವರೆಗೆ

ಇನ್ನೊಂದು ಲೆಕ್ಕ ಉಳಿದಿದೆ. ನಿಮ್ಮ ಮಗಳಿಗೆ ಈಗ ಹತ್ತು, ಕೊಂಡ ಕುದುರೆಗೆ ಆರು ಎಂದಿಟ್ಟುಕೊಳ್ಳಿ. ಮಗಳು ಹದಿನೆಂಟಕ್ಕೆ ಕಾಲೇಜಿಗೆಂದು ಬೆಂಗಳೂರಿಗೋ ಬೇರೆಲ್ಲಿಗೋ ಹೋದಾಗ ಕುದುರೆಗೆ ಬರೀ ಹದಿನಾಲ್ಕು. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗಳಿಗೆ ಇಪ್ಪತ್ತೊಂಬತ್ತು. ನಡುವಿನ ಹನ್ನೊಂದು ವರ್ಷ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಮಾರುತ್ತೇವೆ ಎನ್ನುವುದು ಸುಲಭದ ಉತ್ತರ. ಮುದಿಯಾಗುತ್ತಿರುವ ಕುದುರೆ ಕೈಯಿಂದ ಕೈಗೆ ಹೋಗುತ್ತಾ ಹೋಗುತ್ತಾ ಕೊನೆಗೆ ಗಾಡಿ ಎಳೆಯುವಲ್ಲಿಗೋ ಇನ್ನೂ ಕೆಟ್ಟ ಕಡೆಗೋ ಸೇರುವುದುಂಟು. ಈ ಪ್ರಶ್ನೆಗೆ ಮನೆಯವರೆಲ್ಲ ಕೂತು ಒಪ್ಪುವ ಉತ್ತರ ಸಿಕ್ಕರೆ ನೀವು ಕುದುರೆ ಕೊಳ್ಳಲು ತಯಾರಾದಿರಿ ಎಂದೇ ಅರ್ಥ.

ಸಿಗದಿದ್ದರೆ ಬೇಸರ ಬೇಡ. ಶಾಲೆಯ ಕುದುರೆಯನ್ನೇ ವಾರಕ್ಕೆ ಮೂರು ದಿನ ನಿಮ್ಮದಾಗಿಸಿಕೊಳ್ಳುವ ಏರ್ಪಾಡು ಆಗುತ್ತದೆಯೇ ಎಂದು ಕೇಳಿ ನೋಡಿ. ಒಂದು ವರ್ಷ ಹಾಗೆ ಮಾಡಿ. ಸವಾರಿ ಅಷ್ಟೇ ಅಲ್ಲ, ಮೈ ಉಜ್ಜುವುದು, ಗೊರಸು ಕೆರೆದು ಶುಚಿ ಮಾಡುವುದು, ಲದ್ದಿ ಎತ್ತುವುದು ಎಲ್ಲ ನಿಮ್ಮ ಮಗುವೇ ಮಾಡಲಿ. ಮೇ ತಿಂಗಳ ಸೆಕೆಯಲ್ಲೂ ಆಗಸ್ಟಿನ ಕೆಸರಲ್ಲೂ ಬೆಳಿಗ್ಗೆ ಐದಕ್ಕೆ ತಾನಾಗಿ ಎದ್ದು ಹೊರಡುತ್ತದೆಯೇ ನೋಡಿ. ಹೊರಟರೆ ಕುದುರೆಯ ಮಾತು ಮತ್ತೆ ತೆಗೆಯಿರಿ. ಹೊರಡದಿದ್ದರೆ ಒಂದು ಒಳ್ಳೆಯ ಹವ್ಯಾಸ ಉಳಿಯಿತು, ಒಂದು ಪ್ರಾಣಿಯ ಬಾಳೂ ಉಳಿಯಿತು.

ನಿಮ್ಮಲ್ಲಿ ಕುದುರೆ ಸಾಕಿದವರಿದ್ದರೆ, ಅಜ್ಜನ ಕಾಲದ ಟಾಂಗಾ ಕುದುರೆಯ ನೆನಪಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ.