ಮಕ್ಕಳ ‘ಅಂಕಲ್ ಪೈ’

ಅಮರ ಚಿತ್ರ ಕಥೆಯ ‘ಕೃಷ್ಣ’ ಪುಸ್ತಕಕ್ಕೆ 11ನೇ ಸಂಖ್ಯೆ ಏಕೆ ಗೊತ್ತೇ? ಅದಕ್ಕೂ ಮೊದಲು ಬೆಂಗಳೂರಿನಿಂದ ಹತ್ತು ವಿದೇಶಿ ಕಥೆಗಳು ಕನ್ನಡದಲ್ಲೇ ಬಂದಿದ್ದವು! ಗಡಿಯಾಚೆಯ ನಮಗೆ ಇದು ಹೆಮ್ಮೆಯ ಸಂಗತಿ.

ಸಂಪಾದಕ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದರು. ಎರಡೇ ವರ್ಷದಲ್ಲಿ ತಬ್ಬಲಿಯಾದರು. ಹನ್ನೆರಡಕ್ಕೆ ಮುಂಬಯಿ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ಮಾತ್ರ ಪುಸ್ತಕದಲ್ಲಿ. 1967ರಲ್ಲಿ ದೆಹಲಿಯ ಟಿ.ವಿ. ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯಲಿಲ್ಲ. ಅದು ಅವರನ್ನು ಚುಚ್ಚಿತು. ಅದೇ ವರ್ಷ ಚಿತ್ರಕಥೆ ಶುರುವಾಯಿತು. ಮುಂದೆ ಯೇಸುಸ್ವಾಮಿ, ಮದರ್ ತೆರೆಸಾ ಅವರ ಕಥೆಗಳೂ ಈ ಮಾಲೆಯಲ್ಲಿ ಬಂದವು.

1980ರಲ್ಲಿ ‘ಟಿಂಕಲ್’ ಬಂತು. ನಮ್ಮನ್ನೆಲ್ಲ ನಗಿಸುವ ಸುಪ್ಪಾಂಡಿ, ಓದುಗರೊಬ್ಬರು ಕಳಿಸಿದ ತಮಿಳು ಜನಪದ ಕಥೆಯಿಂದ ಬಂದವನು. ಸ್ವಂತ ಮಕ್ಕಳಿಲ್ಲದ ಪೈ 2011ರ ಫೆಬ್ರವರಿ 24ರಂದು ತೀರಿಕೊಂಡಾಗ ದೇಶದ ಮಕ್ಕಳೆಲ್ಲ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದರು.