ಮುದನೂರಿನ ಮಾತು, ಮನೆಯ ಮಗುವಿನ ಮನಸ್ಸು

ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಮಗ್ಗ ನಂಬಿ ಬದುಕಿದ ಈ ನೇಕಾರ ಬಸವಣ್ಣನಿಗಿಂತಲೂ ಹಿಂದಿನ ವಚನಕಾರ. ಮೈಮೇಲಿನ ಗುರುತು ನೋಡಿ ಜನ ಹೆಣ್ಣು, ಗಂಡು ಎಂದು ಹೆಸರಿಡುತ್ತಾರೆ. ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎಂಬ ಅರ್ಥದ ಅವನ ವಚನಕ್ಕೆ ಸಭೆಗಳಲ್ಲಿ ಈಗಲೂ ಚಪ್ಪಾಳೆ ಬೀಳುತ್ತದೆ.

ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಯಾವುದೇ ಓಣಿಯಲ್ಲಿ ಹುಡುಗನೊಬ್ಬ ಅಕ್ಕನ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತರೆ ಆ ವಚನ ಎಷ್ಟು ಮನೆಗಳಲ್ಲಿ ನೆನಪಾದೀತು? ‘ಗಂಡ್ಸಾಗಿ ಹುಟ್ಟಿ ಹಿಂಗ್ಯಾಕೋ?’ ಎಂಬ ಗದರಿಕೆ ಮೊದಲು. ಆಮೇಲೆ ಏಟು, ತಾಯತ, ಹರಕೆ. ಅದಕ್ಕೂ ಬಗ್ಗದಿದ್ದರೆ ‘ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಹಿರಿಯರ ಸಲಹೆ.

ಎರಡು ಬೇರೆ ಸಂಗತಿ

ಇಲ್ಲಿ ಎರಡು ಸಂಗತಿಗಳು ಕಲಸಿಹೋಗುತ್ತವೆ. ‘ನಾನು ಹೆಣ್ಣೋ ಗಂಡೋ’ ಎಂಬ ಒಳಗಿನ ಅರಿವು ಒಂದು. ಬಹುತೇಕ ಮಕ್ಕಳಲ್ಲಿ ಇದು ಎರಡು ಮೂರು ವರ್ಷಕ್ಕೇ ಮೊಳೆಯುತ್ತದೆ. ಕೆಲವರಲ್ಲಿ ಮಾತ್ರ ಇದು ಹುಟ್ಟಿನ ದೇಹಕ್ಕೆ ಹೊಂದುವುದಿಲ್ಲ. ಸರ್ಕಾರಿ ಭಾಷೆಯಲ್ಲಿ ಇವರು ಲಿಂಗತ್ವ ಅಲ್ಪಸಂಖ್ಯಾತರು. ಯಾರ ಮೇಲೆ ಮನಸ್ಸು ಹೋಗುತ್ತದೆ ಎಂಬುದು ಇನ್ನೊಂದು. ಇದು ಸ್ಪಷ್ಟವಾಗುವುದು ಸಾಮಾನ್ಯವಾಗಿ ಹರೆಯದಲ್ಲಿ. ತನ್ನದೇ ಲಿಂಗದವರನ್ನು ಮೆಚ್ಚುವ ಹುಡುಗ ತಾನು ಗಂಡೆಂದೇ ತಿಳಿದಿರಬಹುದು. ರಂಗೋಲಿ ಇಷ್ಟಪಡುವ ಹುಡುಗ, ಕ್ರಿಕೆಟ್ ಆಡುವ ಹುಡುಗಿ ಈ ಎರಡರಲ್ಲಿ ಯಾವುದೂ ಆಗಿರಬೇಕಿಲ್ಲ.

ಇದಕ್ಕೆ ಕಾರಣವೇನು? ವಂಶವಾಹಿಗಳು, ಗರ್ಭದಲ್ಲಿರುವಾಗಿನ ಹಾರ್ಮೋನುಗಳು ಪಾತ್ರ ವಹಿಸುತ್ತವೆ. ಇಂಥದೇ ಒಂದು ಕಾರಣವೆಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ತಾಯಿಯ ಮುದ್ದು, ತಂದೆಯ ಸಡಿಲು ಇದಕ್ಕೆ ಕಾರಣವಲ್ಲ. ಮಗು ಹಟಕ್ಕೆ ಬಿದ್ದು ಆರಿಸಿಕೊಂಡದ್ದೂ ಅಲ್ಲ.

ಕಾಯಿಲೆಯಲ್ಲ

1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ, 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದವು. ಹುಟ್ಟಿನ ದೇಹಕ್ಕೆ ಹೊಂದದ ಲಿಂಗಭಾವವನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿತು. ಒಲವನ್ನು ‘ಬದಲಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಹೀಗಾಗಿ ‘ವಾಸಿ ಮಾಡುತ್ತೇವೆ’ ಎನ್ನುವವರ ಕೈಗೆ ಹಣ ಸುರಿಯುವುದು ವ್ಯರ್ಥ, ಅಪಾಯವೂ ಹೌದು.

ಹಾಗಿದ್ದರೂ ಈ ಮಕ್ಕಳಲ್ಲಿ ಖಿನ್ನತೆ, ಭಯ, ಸಾಯುವ ಯೋಚನೆ ಹೆಚ್ಚು ಕಾಣುವುದೇಕೆ? ಮುಚ್ಚಿಡುವ ಆಯಾಸ, ತರಗತಿಯ ಗೇಲಿ, ಮನೆಯಿಂದ ಹೊರಬೀಳುವ ಭಯ ಇವರನ್ನು ನವೆಯಿಸುತ್ತವೆ. ಮನೆಯವರ ಆಸರೆ ಸಿಕ್ಕ ಮಕ್ಕಳಲ್ಲಿ ಈ ಸಂಕಟ ಎಷ್ಟೋ ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಮಂಜಮ್ಮನ ದಾರಿ

ಈ ಭಾಗದಲ್ಲಿ ಇಂಥವರಿಗೆ ಬಹುಕಾಲ ತೆರೆದಿದ್ದ ಬಾಗಿಲು ಒಂದೇ: ಎಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲಿ ದೀಕ್ಷೆ ಪಡೆದು ಜೋಗಪ್ಪನಾಗುವುದು. ಅಲ್ಲಿ ಭಕ್ತರ ಗೌರವವಿತ್ತು. ಆದರೆ ಎಷ್ಟೋ ಜನರಿಗೆ ಮನೆ, ಶಾಲೆ ಎರಡೂ ತಪ್ಪಿದವು.

ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿ ಹರೆಯದಲ್ಲೇ ತಾನು ಹೆಣ್ಣೆಂದು ಅರಿತರು. ಹುಲಿಗಿಯಲ್ಲಿ ದೀಕ್ಷೆಯಾಯಿತು, ಮನೆ ದೂರವಾಯಿತು, ಬದುಕೇ ಬೇಡವೆನಿಸಿದ ದಿನಗಳೂ ಬಂದವು. ಆಗ ಕೈಹಿಡಿದದ್ದು ಜೋಗತಿ ನೃತ್ಯ, ಅದನ್ನು ಕಲಿಸಿದ ಕಾಳವ್ವ ಜೋಗತಿ. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲರಿಗೂ ಕಾಳವ್ವನಂಥ ಗುರು ಸಿಗುವುದಿಲ್ಲ. ಆ ಕೆಲಸವನ್ನು ಹೆತ್ತವರೇ ಮಾಡಬೇಕು.

ಪಾಲಕರು ಏನು ಮಾಡಬೇಕು?

ಮೊದಲು ಪೂರ್ತಿ ಕೇಳಿಸಿಕೊಳ್ಳಬೇಕು. ಹೊಡೆತ, ಆಣೆ, ಒತ್ತಾಯದ ಮದುವೆ ಬೇಡ. ಆ ಮದುವೆ ಇನ್ನೊಂದು ಮನೆಯ ಮಗುವಿನ ಬಾಳನ್ನೂ ಕೆಡಿಸುತ್ತದೆ. ಅವಸರದಿಂದ ಹೆಸರು ಅಂಟಿಸುವುದೂ ಬೇಡ. ಮಗು ತನ್ನನ್ನು ತಾನು ಅರಿಯಲು ಸಮಯ ಬೇಕು. ಮಗು ಗುಟ್ಟಾಗಿ ಹೇಳಿದ್ದನ್ನು ಬಂಧುಬಳಗಕ್ಕೆ ಹಂಚಬಾರದು. ಏನಾದರೂ ಓದು ನಿಲ್ಲಬಾರದು. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇ 1ರಷ್ಟು ಮೀಸಲಾತಿ ಬಂದಿದೆ. ಅದು ದಕ್ಕುವುದು ಓದಿದವರಿಗೇ.

ಮಗು ಮಂಕಾದರೆ, ಊಟ ನಿದ್ದೆ ಬಿಟ್ಟರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪಾಲಕರೂ ಕರೆ ಮಾಡಬಹುದು. ಗೊಂದಲ ಅವರದೂ ತಾನೆ.

ವಿದ್ಯಾರ್ಥಿಗಳ ಪಾಲಿನ ಕೆಲಸ ಇನ್ನೂ ಸರಳ. ನಡಿಗೆ ಅಣಕಿಸುವ, ಅಡ್ಡಹೆಸರಿಟ್ಟು ಕೂಗುವ ಗುಂಪಿನಿಂದ ಒಬ್ಬ ಎದ್ದುಬಂದು ಆ ಗೆಳೆಯನ ಬೆಂಚಿನಲ್ಲಿ ಕುಳಿತರೆ ಸಾಕು. ಮುದನೂರಿನ ವಚನವನ್ನು ಕಂಠಪಾಠ ಮಾಡಿದ್ದಕ್ಕೂ ಆಗ ಬೆಲೆ ಬರುತ್ತದೆ.